ಓದುಗರ ಪ್ರಶ್ನೆ: ಕಷ್ಟ, ಕೃಪೆ, ಛಲದ ಕಥನಗಳು

ಪ್ರಶ್ನೆ: ಕಷ್ಟವನ್ನೂ ಕೃಪೆಯನ್ನೂ ಚಿತ್ರಿಸುವ ಒಂದು ಕಾದಂಬರಿ ಮತ್ತು ಒಂದು ಆತ್ಮಕಥೆಯನ್ನು ದಯವಿಟ್ಟು ಸೂಚಿಸುವಿರಾ?

ಉತ್ತರ: ಕಾದಂಬರಿಗಳಲ್ಲಿ ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸೆರಾಬ್ಲ್’ ಅನ್ನು ಓದಿ. ರೊಟ್ಟಿ ಕದ್ದ ತಪ್ಪಿಗೂ ಸೆರೆಯಿಂದ ಮತ್ತೆ ಮತ್ತೆ ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕೂ ಒಟ್ಟು 19 ವರ್ಷ ಶಿಕ್ಷೆ ಅನುಭವಿಸಿ ಹೊರಬಂದ ಜೀನ್ ವಾಲ್‌ಜೀನ್, ತನಗೆ ಊಟ ಹಾಕಿ ಮಲಗಲು ಜಾಗ ಕೊಟ್ಟ ಬಿಷಪ್ಪರ ಬೆಳ್ಳಿ ಪಾತ್ರೆಗಳನ್ನೇ ಕದ್ದು ಸಿಕ್ಕಿಬೀಳುತ್ತಾನೆ; ಪೊಲೀಸರು ಅವನನ್ನು ಎಳೆತಂದಾಗ ಬಿಷಪ್ಪರು, ಅವನ್ನು ತಾವೇ ಕೊಟ್ಟಿದ್ದೆಂದು ಹೇಳುವುದಲ್ಲದೆ, ಎರಡು ಬೆಳ್ಳಿಯ ದೀಪಕಂಬಗಳನ್ನೂ ಅವನ ಕೈಗಿಡುತ್ತಾರೆ. ಕೃಪೆಯನ್ನು ಇಷ್ಟು ನೇರವಾಗಿ ಕಾಣಿಸಿದ ಪುಟಗಳು ನನ್ನ ಮಟ್ಟಿಗೆ ವಿರಳ.

ಆತ್ಮಕಥೆಗೆ ಸಿದ್ಧಲಿಂಗಯ್ಯನವರ ‘ಊರುಕೇರಿ’. ಎತ್ತುಗಳ ಬದಲು ನೊಗಕ್ಕೆ ಹೆಗಲು ಕೊಟ್ಟ ಇಬ್ಬರಲ್ಲಿ ಒಬ್ಬರು ತನ್ನ ಅಪ್ಪನೆಂದು ಬಾಲಕನಿಗೆ ತಿಳಿಯುವ ಸಂದರ್ಭ ಅದರಲ್ಲಿದೆ. ಅಂಥ ಬದುಕನ್ನು ಅವರು ನಗೆಯನ್ನು ಬಿಟ್ಟುಕೊಡದೆ ಬರೆದಿದ್ದಾರೆ. ಪುಟಗಳು ಕಡಿಮೆಯಾದ್ದರಿಂದ ಇದನ್ನೇ ಮೊದಲು ಓದಬಹುದು.