ಬಾಲವಿಲ್ಲದ ಬೆಕ್ಕನ್ನು ಮನೆಗೆ ತರುವ ಮುನ್ನ

ಪ್ರಶ್ನೆ: ನಾವು ಎರಡು ವರ್ಷದಿಂದ ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್‌ನಲ್ಲಿದ್ದೇವೆ. ಯಜಮಾನರು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಏಳು ವರ್ಷದ ಮಗಳು ಬೆಕ್ಕು ಬೇಕೆಂದು ಹಠ ಹಿಡಿದಿದ್ದಾಳೆ. ಶೆಲ್ಟರ್‌ಗೆ ಹೋಗಿ ಎರಡು ಮ್ಯಾಂಕ್ಸ್ ಬೆಕ್ಕು ನೋಡಿ ಬಂದೆವು. ಒಂದು ಹತ್ತು ವಾರದ ಮರಿ, ಬಾಲವೇ ಇಲ್ಲ. ಇನ್ನೊಂದು ನಾಲ್ಕು ವರ್ಷದ ಹೆಣ್ಣು, ಹೆಬ್ಬೆರಳಿನಷ್ಟು ಮೋಟು ಬಾಲ. ಮಗಳಿಗೆ ಮರಿಯೇ ಬೇಕಂತೆ. ಈ ಜಾತಿಗೆ ಕಾಯಿಲೆ ಜಾಸ್ತಿ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಯಾವುದನ್ನು ತರಲಿ? ಇನ್ನೆರಡು ವರ್ಷಕ್ಕೆ ಮೈಸೂರಿಗೆ ವಾಪಸ್ ಬರುವ ಯೋಚನೆಯೂ ಇದೆ.
— ಓದುಗರು, ಡಗ್ಲಸ್

ಉತ್ತರ: ನಾಲ್ಕು ವರ್ಷದ್ದನ್ನು ತನ್ನಿ. ಮಗಳು ಎರಡು ದಿನ ಮುಖ ಊದಿಸಿಕೊಂಡಿರುತ್ತಾಳೆ. ಮೂರನೇ ದಿನ ಬೆಕ್ಕು ಅವಳ ಹಾಸಿಗೆಯಲ್ಲೇ ಇರುತ್ತದೆ ಬಿಡಿ.

ಪಕ್ಕದ ಮನೆಯವರು ಸುಮ್ನೆ ಹೆದರಿಸಿಲ್ಲ. ನೀವಿರುವ ದ್ವೀಪವೇ ಈ ಬೆಕ್ಕಿನ ತವರು. ಅಲ್ಲಿನ ಹಳೆಯ ಮಾತಿನಲ್ಲಿ ಇದಕ್ಕೆ 'ಸ್ಟಬ್ಬಿನ್' ಎನ್ನುತ್ತಾರೆ. 1970ರಲ್ಲಿ ನಾಣ್ಯದ ಮೇಲೂ ಅಚ್ಚು ಹಾಕಿಸಿದ್ದಾರೆ. ಬೈಬಲ್‌ನಲ್ಲಿ ಪ್ರಳಯ ಬಂದಾಗ ಪ್ರಾಣಿಗಳನ್ನೆಲ್ಲ ಉಳಿಸಿದ ನೋಹನ ಹಡಗಿಗೆ ತಡವಾಗಿ ಓಡಿಬಂದು ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡಿತು ಅನ್ನೋ ಕಥೆಯನ್ನು ನಿಮ್ಮ ಮಗಳು ಶಾಲೆಯಲ್ಲಿ ಕೇಳಿರಬಹುದು. ನಿಜವಾದ ಕಾರಣ ಒಂದು ಜೀನ್. ಅದನ್ನು ಬರೀ ಬಾಲದ ಜೀನ್ ಎನ್ನುವ ಹಾಗಿಲ್ಲ. ತಾಯಿಯ ಹೊಟ್ಟೆಯಲ್ಲಿ ಮರಿಯ ಬೆನ್ನುಮೂಳೆಗೆ ರೂಪ ಕೊಡುವುದರಲ್ಲಿ ಅದರ ಪಾತ್ರ ದೊಡ್ಡದು. ಮ್ಯಾಂಕ್ಸ್‌ನಲ್ಲಿ ಆ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುತ್ತದೆ. ಅಪ್ಪನಿಂದಲೂ ಅಮ್ಮನಿಂದಲೂ ಕೆಟ್ಟ ಪ್ರತಿಯೇ ಬಂದರೆ ಮರಿ ಹೊಟ್ಟೆಯಲ್ಲೇ ಸಾಯುತ್ತದೆ. ಬಾಲವಿಲ್ಲದ ಎರಡು ಮ್ಯಾಂಕ್ಸ್ ಕೂಡಿದರೆ ಸುಮಾರು ನಾಲ್ಕರಲ್ಲಿ ಒಂದು ಮರಿಯ ಗತಿ ಹೀಗೆ. ದುಡ್ಡು ಕೊಟ್ಟು ಮರಿ ಮಾಡಿಸುವವರ ಹತ್ತಿರ ಹೋಗದೆ ಶೆಲ್ಟರ್‌ಗೆ ಹೋದದ್ದು ಒಳ್ಳೆಯದೇ ಆಯಿತು.

ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಬೆಳೆಯುತ್ತವೆ. ಕೆಲವಕ್ಕೆ ಮಾತ್ರ ಬಾಲ ಮೊಟಕಾಗಿಸಿದ ಆ ಜೀನ್ ಅಲ್ಲಿಗೇ ನಿಲ್ಲದೆ ಇನ್ನೂ ಮೇಲೆ ಕೈ ಹಾಕಿರುತ್ತದೆ. ಬೆನ್ನುಹುರಿಯ ತುದಿಯಿಂದ ಹೊರಡುವ ನರಗಳು ಮೂತ್ರಕೋಶಕ್ಕೆ, ದೊಡ್ಡ ಕರುಳಿಗೆ, ಹಿಂಗಾಲಿಗೆ ಹೋಗುತ್ತವೆ. ಅಲ್ಲಿ ಕೊರತೆಯಾದರೆ ಮೂತ್ರ ಸೋರುತ್ತದೆ, ಮಲ ಕಟ್ಟಿಕೊಳ್ಳುತ್ತದೆ, ನಡಿಗೆ ಕೆಡುತ್ತದೆ. ಇದಕ್ಕೆ ಮ್ಯಾಂಕ್ಸ್ ಸಿಂಡ್ರೋಮ್ ಅಂತ ಹೆಸರು. ಇದು ಸಾಮಾನ್ಯವಾಗಿ ಮೊದಲ ಆರು ತಿಂಗಳಲ್ಲಿ ಹೊರಬೀಳುತ್ತದೆ. ನಿಮ್ಮ ಮರಿಗೆ ಹತ್ತೇ ವಾರ. ಅದು ಇನ್ನೂ ಪರೀಕ್ಷೆಗೇ ಕೂತಿಲ್ಲ. ನಾಲ್ಕು ವರ್ಷದ್ದು ಪಾಸಾಗಿ ಬಂದಿದೆ.

ಬಾಲದ ಅಳತೆಯೂ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಬಾಲವೇ ಇಲ್ಲದ್ದಕ್ಕೆ 'ರಂಪಿ', ಮೋಟು ಬಾಲದ್ದಕ್ಕೆ 'ಸ್ಟಂಪಿ' ಅಂತಾರೆ. ರಂಪಿಯ ಬೆನ್ನಿನ ಕೊನೆಗೆ ಬೆರಳಿಟ್ಟರೆ ಬಾಲ ಇರಬೇಕಾದ ಕಡೆ ಒಂದು ಸಣ್ಣ ಗುಳಿ ಸಿಗುತ್ತದೆ. ತೊಂದರೆ ಹೆಚ್ಚು ಕಾಣುವುದು ಇವುಗಳಲ್ಲೇ. ಉದ್ದ ಬಾಲದ ಮ್ಯಾಂಕ್ಸ್ ಕೂಡ ಉಂಟು. ಅದು ನೋಡಲು ಮಾಮೂಲಿ ಬೆಕ್ಕೇ. ಹಾಗಾಗಿ ಅದನ್ನು ಕೇಳುವವರೂ ಕಡಿಮೆ, ಪಾಪ.

ಹಾಗಂತ ದೊಡ್ಡದನ್ನು ಕಣ್ಣು ಮುಚ್ಚಿ ತರಬೇಡಿ. ಇನ್ನೊಮ್ಮೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಮೊದಲು ನಡಿಗೆ ನೋಡಿ. ಮ್ಯಾಂಕ್ಸ್‌ಗೆ ಹಿಂಗಾಲು ಉದ್ದ, ಓಡುವಾಗ ಮೊಲದ ಹಾಗೆ ಕಾಣುವುದು ಸಹಜ. ನಿಧಾನವಾಗಿ ನಡೆಯುವಾಗಲೂ ಎರಡು ಹಿಂಗಾಲು ಒಟ್ಟಿಗೇ ಕುಪ್ಪಳಿಸಿದರೆ, ಅಥವಾ ಹಿಮ್ಮಡಿ ನೆಲಕ್ಕೆ ಊರಿ ನಡೆದರೆ ಅನುಮಾನ ಪಡಿ. ಮಲಗಿದ್ದ ಬೆಕ್ಕು ಎದ್ದು ಹೋದ ಮೇಲೆ ಆ ಟವೆಲ್ ಮೇಲೆ ಅಂಗೈ ಒತ್ತಿ ನೋಡಿ. ಬೆಚ್ಚಗಿರಬೇಕು, ಒದ್ದೆ ಇರಬಾರದು. ಹಿಂಭಾಗದ ಕೂದಲು ಹಳದಿಗಟ್ಟಿದೆಯಾ, ಅಂಟಿಕೊಂಡಿದೆಯಾ ನೋಡಿ. ಲಿಟರ್ ಟ್ರೇ ಬಗ್ಗೆ ಕೇಳಲು ಮುಜುಗರ ಬೇಡ. ದಿನಾ ಹೋಗುತ್ತದಾ, ತಿಣುಕುತ್ತದಾ, ಗೋಲಿಯಂಥ ಗಟ್ಟಿ ಮಲವಾ ಅಂತ ಕೇಳಿ. ಅಲ್ಲಿ ದಿನಾ ಟ್ರೇ ತೊಳೆಯುವವರಿಗೆ ಇದೆಲ್ಲ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬೆನ್ನಿನ ಎಕ್ಸ್‌ರೇ ತೆಗೆಸಿದ್ದರೆ ತೋರಿಸಿ ಅನ್ನಿ. ಪೆಟ್ ಇನ್ಶೂರೆನ್ಸ್ ಮಾಡಿಸುವುದಾದರೆ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ ಅನ್ನೋದು ನೆನಪಿರಲಿ.

ಸೋರುವ ಬೆಕ್ಕನ್ನು ಸಾಕಲೇಬಾರದು ಅಂತಲ್ಲ. ನನ್ನ ಹತ್ತಿರ ಬರುತ್ತಿದ್ದ ಒಂದು ರಂಪಿಗೆ ಅದರ ಮನೆಯಾಕೆ ದಿನಕ್ಕೆ ಮೂರು ಸಲ ಹೊಟ್ಟೆ ಮೆಲ್ಲಗೆ ಒತ್ತಿ ಮೂತ್ರ ತೆಗೆಸುತ್ತಿದ್ದರು. ನಾನೇ ಅವರ ಕೈ ಹಿಡಿದು ಕಲಿಸಿದ್ದೆ. ಮಾಗಿದ ಮಾವಿನಹಣ್ಣನ್ನು ಸಿಪ್ಪೆ ಒಡೆಯದ ಹಾಗೆ ಅದುಮುವಷ್ಟೇ ಬಲ. ಆದರೆ ಅವರು ಇಡೀ ದಿನ ಮನೆಯಲ್ಲಿರುತ್ತಿದ್ದರು. ನಿಮ್ಮ ಮನೆಯಲ್ಲಿ ಪಾಳಿ ಡ್ಯೂಟಿ, ಶಾಲೆಯ ಮಗು. ನಿಮಗೆ ಅದು ಬೇಡ.

ಮನೆಗೆ ಬಂದ ಮೇಲೆ ವಿಶೇಷ ಆರೈಕೆ ಅಂತ ಹೆಚ್ಚೇನಿಲ್ಲ. ಎತ್ತಿಕೊಳ್ಳುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ ಇರಲಿ. ಮೋಟು ಬಾಲ ಹಿಡಿದು ಆಡಬಾರದು ಅಂತ ಮಗಳಿಗೆ ಮೊದಲ ದಿನವೇ ಹೇಳಿ. ವಯಸ್ಸಾದಂತೆ ಆ ಮೋಟಿನ ಮೂಳೆಗೆ ಸಂಧಿವಾತ ಬಂದು ನೋಯುವುದುಂಟು. ಮಲ ಗಟ್ಟಿಯಾಗದಂತೆ ಬರೀ ಒಣ ಕಾಳಿನ ಬದಲು ಹಸಿ ಫುಡ್ ಜಾಸ್ತಿ ಕೊಡಿ, ನೀರಿನ ಬಟ್ಟಲು ಎರಡು ಕಡೆ ಇಡಿ. ಎರಡು ದಿನ ಮಲ ಹೋಗದಿದ್ದರೆ, ಅಥವಾ ತಿಣುಕುತ್ತಾ ವಾಂತಿ ಮಾಡಿದರೆ ಮನೆಮದ್ದು ಬೇಡ, ಡಾಕ್ಟರ ಹತ್ತಿರ ಹೋಗಿ. ಬಾಲವಿಲ್ಲದೆ ಹೇಗೆ ಹಾರುತ್ತೆ ಅನ್ನೋ ಚಿಂತೆ ಬೇಡ. ಆ ಹಿಂಗಾಲಿನ ಬಲಕ್ಕೆ ನಿಮ್ಮ ಅಡುಗೆಮನೆ ಕಟ್ಟೆ ಯಾವ ಲೆಕ್ಕ? ಒಂದೇ ಪೇಚಾಟ, ಸಿಟ್ಟು ಬಂದಾಗ ಬಾಲ ಬಡಿದು ಎಚ್ಚರಿಸಲು ಅದಕ್ಕೆ ಆಗುವುದಿಲ್ಲ. ಕಿವಿ ಹಿಂದಕ್ಕೆ ಮಡಚಿದರೆ ಕೈ ತೆಗಿ ಅಂತ ಮಗಳಿಗೆ ಕಲಿಸಿ.

ಮೈಸೂರಿನ ವಿಷಯ. ದ್ವೀಪದಲ್ಲಿ ರೇಬಿಸ್ ಇಲ್ಲದ ಕಾರಣ ಅಲ್ಲಿ ಬೆಕ್ಕಿಗೆ ಆ ಲಸಿಕೆಯನ್ನು ಮಾಮೂಲಾಗಿ ಹಾಕುವುದಿಲ್ಲ. ಹೊರಡುವ ಕೆಲವು ತಿಂಗಳ ಮೊದಲೇ ಹಾಕಿಸಿ. ಮೈಕ್ರೋಚಿಪ್ ಇರಲಿ. ಭಾರತದ ಅನಿಮಲ್ ಕ್ವಾರಂಟೈನ್ ಕಚೇರಿಯಿಂದ ಎನ್‌ಒಸಿ ಬೇಕು. ವಿದೇಶದಲ್ಲಿದ್ದು ವಾಸ ಬದಲಿಸಿ ಬರುವವರಿಗೆ ಬೇರೆಯೇ ನಿಯಮವಿದೆ. ಟಿಕೆಟ್ ಬುಕ್ ಮಾಡುವ ಮೊದಲು ಅದನ್ನು ಓದಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನ ಒಂದು ರೆಸ್ಕ್ಯೂ ಶೆಲ್ಟರ್‌ನಲ್ಲಿ ಬಾಲವಿಲ್ಲದ ಬೂದು ಬೆಕ್ಕು ಇದೆ. ಅಲ್ಲಿಯ ಹುಡುಗರು ಇದು ಮ್ಯಾಂಕ್ಸ್ ಇರಬಹುದು ಅಂತಾರೆ. ಹೌದಾ?
— ಓದುಗರು, ಯಲಹಂಕ

ಉತ್ತರ: ಇರಲಿಕ್ಕಿಲ್ಲ. ನಮ್ಮ ಬೀದಿ ಬೆಕ್ಕುಗಳ ಬಾಲ ಹೋಗುವುದು ಹೆಚ್ಚಾಗಿ ನಾಯಿ ಬಾಯಿಗೆ, ಬಾಗಿಲ ಸಂದಿಗೆ, ಇಲ್ಲವೇ ಕಾರಿನ ಇಂಜಿನ್ ಫ್ಯಾನಿಗೆ ಸಿಕ್ಕಿ. ಬುಡದಲ್ಲಿ ಕೂದಲಿಲ್ಲದ ಕಲೆ ಕಂಡರೆ ಅದು ಗಾಯ ಮಾಗಿದ ಗುರುತು. ಗಂಟು ಬಿದ್ದ ಮೋಟು ಬಾಲದೊಂದಿಗೇ ಹುಟ್ಟುವ ಬೆಕ್ಕುಗಳೂ ಏಷ್ಯಾದಲ್ಲಿವೆ. ಜಪಾನಿನ ಬಾಬ್‌ಟೈಲ್ ಅಂಥದ್ದು. ಅದರ ಜೀನ್ ಬೇರೆ, ಮ್ಯಾಂಕ್ಸ್‌ನ ರಗಳೆ ಅದಕ್ಕಿಲ್ಲ.

ಬಾಲ ಯಾವಾಗ ಹೋಯಿತು ಅನ್ನೋದನ್ನು ಮಾತ್ರ ಕೇಳಿಕೊಳ್ಳಿ. ಬುಡದಿಂದ ಜಗ್ಗಿ ಹೋಗಿದ್ದರೆ ಮೂತ್ರಕೋಶದ ನರಕ್ಕೂ ಪೆಟ್ಟಾಗಿರಬಹುದು. ಸುಧಾರಿಸುವುದಿದ್ದರೆ ಹೆಚ್ಚಾಗಿ ಮೊದಲ ಒಂದು ತಿಂಗಳಲ್ಲೇ ಗೊತ್ತಾಗುತ್ತದೆ. ಗಾಯ ಹೋದ ವಾರದ್ದಾದರೆ ಇನ್ನೊಂದು ತಿಂಗಳು ಅಲ್ಲೇ ಇರಲಿ, ನೀವು ಭಾನುವಾರ ಹೋಗಿ ನೋಡಿಕೊಂಡು ಬರುತ್ತಿರಿ. ಹಳೆಯದಾಗಿ, ತಾನಾಗಿಯೇ ಟ್ರೇಗೆ ಹೋಗಿ ಬರುತ್ತಿದ್ದರೆ ಇವತ್ತೇ ಬುಟ್ಟಿ ತಗೊಂಡು ಹೋಗಿ.