ಉಪಯೋಗ ಮುಗಿದ ವಸ್ತುಗಳನ್ನು ಕೊಟ್ಟುಬಿಡಲು ಮನಸ್ಸು ಬರುತ್ತಿಲ್ಲ, ಏನು ಮಾಡಲಿ?

ಅಪ್ಪನ ಫಿಲ್ಮ್ ಕ್ಯಾಮೆರಾ, ಹಳೆಯ ಮೊಬೈಲ್‌ಗಳು, ಒಮ್ಮೆಯೂ ಹಾಕದ ಬೂಟು, ಓದಿ ಮುಗಿದ ಪಠ್ಯಪುಸ್ತಕಗಳು ಕಪಾಟಿನಲ್ಲಿವೆ, ಕೊಡಲು ಕೈ ಬರುತ್ತಿಲ್ಲ ಎಂದಿದ್ದೀರಿ. ‘ಇದ್ದರೆ ಇರಲಿ, ಏನು ನಷ್ಟ?’ ಎಂದೂ ಕೇಳಿದ್ದೀರಿ. ನಷ್ಟ ಇದೆ. ಮೊದಲ ಪೆಟ್ಟು ಬೀಳುವುದು ಆ ವಸ್ತುವಿಗೇ.

ಮುಚ್ಚಿಟ್ಟ ಮಾತ್ರಕ್ಕೆ ಯಾವುದೂ ಇದ್ದ ಹಾಗೆಯೇ ಉಳಿಯುವುದಿಲ್ಲ. ತೇವದ ಹವೆಯಲ್ಲಿ, ಚರ್ಮದ ಚೀಲದೊಳಗಿರುವ ಕ್ಯಾಮೆರಾದ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಜೇಡರ ಬಲೆಯಂತೆ ಸಣ್ಣ ಎಳೆಗಳು ಕಾಣುತ್ತವೆ. ಹಾಗೇ ಬಿಟ್ಟರೆ ಅದು ಗಾಜಿನ ಮೇಲಿನ ಲೇಪನವನ್ನೇ ಹಾಳುಮಾಡುತ್ತದೆ. ಒಳಗೆ ಮರೆತ ಬ್ಯಾಟರಿ ಸೋರಿ ಲೋಹದ ಸ್ಪ್ರಿಂಗನ್ನು ತಿನ್ನುತ್ತದೆ. ನಿಮ್ಮ ಬೂಟಿನ ಅಟ್ಟೆ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್‌ನದಾಗಿದ್ದರೆ, ಒಂದು ಹೆಜ್ಜೆ ಇಡದಿದ್ದರೂ ಗಾಳಿಯ ತೇವಕ್ಕೇ ಅದು ವರ್ಷಗಳಲ್ಲಿ ಪುಡಿಯಾಗುತ್ತದೆ. ಜೋಪಾನ ಮಾಡುತ್ತಿದ್ದೇವೆ ಎಂದುಕೊಂಡಿರುತ್ತೇವೆ. ಯಾರಿಗಾದರೂ ಒದಗಬಹುದಾಗಿದ್ದ ವಸ್ತು ಅಷ್ಟರಲ್ಲಿ ಯಾರಿಗೂ ಬೇಡದ್ದಾಗಿರುತ್ತದೆ.

ಅಮ್ಮನ ಹೊಲಿಗೆ ಯಂತ್ರವನ್ನು ನಾನು ಕೊಟ್ಟದ್ದು ಈ ಕಾರಣಕ್ಕೇ. ನನಗೆ ಹೊಲಿಯಲು ಬಾರದು. ಚಕ್ರ ತಿರುಗಿಸಿದಾಗಲೆಲ್ಲ ಬಿಗಿಯಾಗುತ್ತಾ ಬರುತ್ತಿತ್ತು, ಒಳಗಿನ ಎಣ್ಣೆ ಅಂಟಾಗಿತ್ತು. ಹೊಲಿಗೆ ಕಲಿಯುತ್ತಿದ್ದ ಪರಿಚಯದ ಹುಡುಗಿಯೊಬ್ಬಳು ಅದನ್ನು ಬಿಚ್ಚಿ, ಒರೆಸಿ, ಹೊಸ ಎಣ್ಣೆ ಬಿಟ್ಟು ಓಡಿಸಿದಳು. ಕಣ್ಣು ತುಂಬಿ ಬಂತು, ನಿಜ. ಆದರೆ ಅಮ್ಮ ಆ ಯಂತ್ರವನ್ನು ಪ್ರೀತಿಸಿದ್ದು ಅದು ಹೊಲಿಯುತ್ತಿತ್ತು ಎಂದೇ ಅಲ್ಲವೇ? ಒಂದು ಬಾಬಿನ್ ಮಾತ್ರ ನನ್ನ ಬಳಿ ಇಟ್ಟುಕೊಂಡೆ. ಅದರಲ್ಲಿ ಅಮ್ಮ ಸುತ್ತಿದ್ದ ನೀಲಿ ದಾರ ಇನ್ನೂ ಇದೆ.

ಕೈ ಬಾರದಿರುವುದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ಕಾನಮನ್, ನೆಚ್, ಥೇಲರ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಗಷ್ಟೇ ಕೈಗೆ ಸಿಕ್ಕಿದ ಸಾಧಾರಣ ಕಾಫಿ ಮಗ್ಗನ್ನು ಮಾರಲು ಜನ ಕೇಳಿದ ಬೆಲೆ, ಅದೇ ಮಗ್ಗಿಗೆ ಉಳಿದವರು ಕೊಡಲು ಒಪ್ಪಿದ್ದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಕೆಲವು ನಿಮಿಷಗಳ ಒಡೆತನಕ್ಕೇ ಇಷ್ಟು ಬೆಲೆಯಾದರೆ, ಅಪ್ಪನ ಕ್ಯಾಮೆರಾಕ್ಕೆ ಎಷ್ಟಾಗಬೇಡ! ಅದಕ್ಕೇ ‘ಇದನ್ನು ಬಿಡಬಲ್ಲೆನೇ?’ ಎಂದು ಕೇಳಿಕೊಳ್ಳಬೇಡಿ. ‘ಈಗ ಇದು ನನ್ನ ಬಳಿ ಇರದಿದ್ದರೆ ಹುಡುಕಿ ತರುತ್ತಿದ್ದೆನೇ?’ ಎಂದು ಕೇಳಿಕೊಳ್ಳಿ. ಕ್ಯಾಮೆರಾಕ್ಕೆ ಹೌದು ಎಂಬ ಉತ್ತರ ಬಂದರೆ ಖಂಡಿತ ಇಟ್ಟುಕೊಳ್ಳಿ. ಆದರೆ ಚೀಲದಿಂದ ಹೊರಗೆ ತೆಗೆದು, ಗಾಳಿ ಬೆಳಕು ಬರುವಲ್ಲಿಡಿ. ಆಗಾಗ ಶಟರ್ ಒತ್ತಿ.

ಪುಸ್ತಕಗಳ ವಿಷಯದಲ್ಲಿ ಯೋಚಿಸುವುದೇ ಬೇಡ, ಪಠ್ಯಕ್ರಮ ಬದಲಾಗುವ ಮೊದಲೇ ಮುಂದಿನ ತರಗತಿಯವರಿಗೆ ಕೊಟ್ಟುಬಿಡಿ.

ಮೊಬೈಲ್‌ಗಳನ್ನು ಮಾತ್ರ ಈ ವಾರವೇ ನೋಡಿ. ಹಿಂಬದಿ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಒತ್ತಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳಬಹುದು. ಅಂಥದ್ದನ್ನು ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಿ. ಚೆನ್ನಾಗಿರುವುದರಲ್ಲಿನ ಫೋಟೋಗಳನ್ನು ಬೇರೆಡೆ ಉಳಿಸಿಕೊಂಡು, ಖಾತೆಗಳಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲಷ್ಟೇ ಇನ್ನೊಬ್ಬರ ಕೈಗೆ ಕೊಡಿ.