ಎರಡು ಲ್ಯಾಬ್, ಎರಡು ಎಎನ್‌ಎ ರಿಪೋರ್ಟ್: ಯಾವುದನ್ನು ನಂಬಬೇಕು?

ನಿಮ್ಮ ತಂಗಿಯ ಎಎನ್‌ಎ (ದೇಹದ ಸ್ವಂತ ಕೋಶಗಳ ಕೇಂದ್ರದ ವಿರುದ್ಧವೇ ಹುಟ್ಟಿದ ಆಂಟಿಬಾಡಿ ಇದೆಯಾ ಎಂದು ನೋಡುವ ರಕ್ತಪರೀಕ್ಷೆ) ಬಾಗಲಕೋಟೆಯಲ್ಲಿ ಎಲೈಸಾ ವಿಧಾನದಿಂದ ನೆಗೆಟಿವ್, ಬೆಳಗಾವಿಯಲ್ಲಿ ಐಎಫ್‌ಎ ವಿಧಾನದಿಂದ 1:160 ಪಾಸಿಟಿವ್. ಯಾರದು ತಪ್ಪು ಎಂದು ಕೇಳಿದ್ದೀರಿ. ಯಾರದೂ ತಪ್ಪಿರಲಿಕ್ಕಿಲ್ಲ ಸರ್, ವಿಧಾನವೇ ಬೇರೆ.

ಎಲೈಸಾ ಪ್ಲೇಟಿನಲ್ಲಿ ಕಿಟ್ ಕಂಪನಿ ಹಚ್ಚಿದ ಆಂಟಿಜನ್‌ಗಳಷ್ಟೇ (ಆಂಟಿಬಾಡಿ ಅಂಟಿಕೊಳ್ಳುವ ವಸ್ತುಗಳು) ಇರುತ್ತವೆ. ಬೇರೆ ಆಂಟಿಬಾಡಿ ಇದ್ದರೆ ತಪ್ಪಿಹೋಗಬಹುದು. ಐಎಫ್‌ಎಯಲ್ಲಿ ಸ್ಲೈಡಿನ ಮೇಲೆ ಇಡೀ ಹೆಪ್-2 ಕೋಶಗಳೇ (ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಕೋಶಗಳು) ಇರುತ್ತವೆ. ಅದರ ಮೇಲೆ ರೋಗಿಯ ಸೀರಮ್ (ರಕ್ತದ ತಿಳಿ ಭಾಗ) ಹಾಕಿ, ತೊಳೆದು, ಹೊಳೆಯುವ ಬಣ್ಣ ಹಚ್ಚಿದ ಇನ್ನೊಂದು ಆಂಟಿಬಾಡಿ ಹಾಕುತ್ತಾರೆ. ಕತ್ತಲೆ ಕೋಣೆಯಲ್ಲಿ ಫ್ಲೋರೊಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶದ ಒಳಗಿನ ಕೇಂದ್ರದಲ್ಲಿ ಹಸಿರು ಚುಕ್ಕಿಗಳು ಕಾಣಬಹುದು. ಬೆಳಗಾವಿ ರಿಪೋರ್ಟಿನಲ್ಲಿರುವ ‘ಸ್ಪೆಕಲ್ಡ್’ ಅಂದರೆ ಇದೇ. ಓದೋದು ಮನುಷ್ಯನ ಕಣ್ಣಾದ್ದರಿಂದ ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತೆ. ಪ್ರತಿ ಸಲ ಕಂಟ್ರೋಲ್ ಸೀರಮ್ (ಫಲಿತಾಂಶ ಮೊದಲೇ ಗೊತ್ತಿರುವ ಸೀರಮ್) ಹಾಕಬೇಕು, ಒಂದೇ ಸ್ಲೈಡನ್ನು ಇಬ್ಬರು ಓದಬೇಕು. ನಮ್ಮ ಕಡೆ ಎಲ್ಲ ಲ್ಯಾಬುಗಳೂ ಇಷ್ಟು ಮಾಡಿದರೆ ಎಷ್ಟೋ ಮನೆಗಳ ಗಾಬರಿ ತಪ್ಪುತ್ತೆ.

1:160 ಅಂದರೆ ಸೀರಮನ್ನು 160 ಪಟ್ಟು ತೆಳು ಮಾಡಿದರೂ ಹೊಳಪು ಉಳಿದಿದೆ ಎಂದರ್ಥ. ಆರೋಗ್ಯವಂತರಲ್ಲೂ ಸುಮಾರು ನೂರಕ್ಕೆ 5 ಜನರಲ್ಲಿ ಹೀಗೆ ಬರುತ್ತೆ. ಇದೊಂದರಿಂದಲೇ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಅನ್ನೋಕಾಗಲ್ಲ. ಆದರೆ ತಂಗಿಗೆ ಕೀಲುನೋವು, ಕೂದಲು ಉದುರುವುದು ಇದೆ ಅಂದಿದ್ದೀರಲ್ವಾ, ಹಾಗಾಗಿ ಸುಮ್ನೆ ಬಿಡಬೇಡಿ. ಮತ್ತೆ ಎಎನ್‌ಎ ಮಾಡಿಸಿ ದುಡ್ಡು ಹಾಕಬೇಡಿ. ರುಮಟಾಲಜಿಸ್ಟ್ (ಕೀಲು ಮತ್ತು ಇಂಥ ಕಾಯಿಲೆಗಳ ತಜ್ಞ ವೈದ್ಯರು) ಹತ್ತಿರ ಎರಡೂ ರಿಪೋರ್ಟ್ ಒಯ್ಯಿರಿ. ಯಾವ ಆಂಟಿಬಾಡಿ ಎಂದು ಬಿಡಿಸಿ ನೋಡುವ ಡಿಎಸ್-ಡಿಎನ್‌ಎ, ಇಎನ್‌ಎ ಪರೀಕ್ಷೆಗಳು ಬೇಕಾ ಎಂದು ಅವರು ಹೇಳುತ್ತಾರೆ. ಮೂತ್ರದ ಪ್ರೋಟೀನ್ ಪರೀಕ್ಷೆ ಮಾತ್ರ ತಪ್ಪದೇ ಕೇಳಿ.